ಲಾರಿ ಏರಿದ ಗುಬ್ಬಿ ಬೆಲ್

ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಮಲ್ಲೇಶ ಮೂಡಲಗಿಯ ತನ್ನ ಮನೆಯ ಸೆಲ್ಲಿನ ಬೆಲ್ಲನ್ನು ಗೋಡೆಯಿಂದ ಬಿಚ್ಚುತ್ತಿದ್ದ. ಬೆಲ್ ಕೆಟ್ಟಿರಲಿಲ್ಲ. ಒತ್ತಿದರೆ ಗುಬ್ಬಿಯ ಹಾಗೆ ಚಿಂವ್ ಚಿಂವ್ ಎನ್ನುತ್ತಿತ್ತು. ಆದರೆ ಒತ್ತಿದರೆ ಬಂದು ಬಾಗಿಲು ತೆಗೆಯುವವರು ಇರಲಿಲ್ಲ.

ಹೆಂಡತಿ ದಾಕ್ಷಾಯಿಣಿ ಹತ್ತರಗಿಯ ತವರಿಗೆ ಹೋಗಿ ಅದು ಮೂರನೆಯ ದಿನ. ಅವಳ ತಾಯಿ ಚನ್ನವ್ವ ಹುಕ್ಕೇರಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಔಷಧದ ಹನಿ ಹಾಕುವವರು ಬೇಕಿತ್ತು. ಹೊರಡುವಾಗ ದಾಕ್ಷಾಯಿಣಿ ಚೀಲದ ಚೈನು ಎಳೆಯುತ್ತ ಕೇಳಿದ್ದಳು:

"ಏನ್ರಿ, ನಾ ಇಲ್ಲದ ಎಷ್ಟ ದಿವಸ ಇರ್ತೀರಿ?"

ಬೇರೆ ಯಾವ ಗಂಡನಾದರೂ ಒಂದು ನಿಟ್ಟುಸಿರು ಬಿಟ್ಟು ಪಾರಾಗುತ್ತಿದ್ದ. ಮಲ್ಲೇಶ ಬಿ.ಎಸ್ಸಿ., ಭೌತಶಾಸ್ತ್ರ, ಪ್ರಥಮ ದರ್ಜೆ. ಗಾಡಿಗಳ ವೈರಿಂಗ್ ಅಂಗಡಿ ಇಟ್ಟಿದ್ದರೂ ಪ್ರಶ್ನೆ ಕಂಡರೆ ಅಳತೆ ಹಿಡಿಯುವ ಚಟ ಹೋಗಿರಲಿಲ್ಲ. ಅಡುಗೆಮನೆಗೆ ಹೋದ. ಡಬ್ಬಿಯಲ್ಲಿದ್ದ ಖಡಕ್ ರೊಟ್ಟಿ ಎಣಿಸಿದ (ಎಪ್ಪತ್ತೆರಡು), ದಿನಕ್ಕೆ ನಾಲ್ಕರಂತೆ ಭಾಗಿಸಿದ, ಹೊರಗೆ ಬಂದು ಪ್ರಾಮಾಣಿಕವಾಗಿ, "ಹದಿನೆಂಟು" ಎಂದ.

ದಾಕ್ಷಾಯಿಣಿ ಚೀಲ ಹೆಗಲಿಗೇರಿಸಿದಳು. "ಹಂಗಾರ ಹದಿನೆಂಟ ದಿವಸ ಮುಗಿಸೇ ಬರ್ತೇನಿ. ಅಲ್ಲೀತನಾ ಫೋನೂ ಮಾಡಬ್ಯಾಡ್ರಿ, ನಮ್ಮ ಹೊಸ್ತಿಲಾನೂ ತುಳೀಬ್ಯಾಡ್ರಿ" ಎಂದು ಬಸ್ಸು ಹತ್ತಿದಳು.

ಮೂರು ದಿನಕ್ಕೇ ಮಲ್ಲೇಶನಿಗೆ ತಿಳಿಯಿತು, ರೊಟ್ಟಿಯ ಲೆಕ್ಕ ಸರಿಯಿತ್ತು, ಉಳಿದದ್ದೆಲ್ಲ ತಪ್ಪಿತ್ತು. ಸಂಜೆ ಬಾಗಿಲ ಮುಂದೆ ನಿಂತು ಬೆಲ್ ಒತ್ತಿ, ತಾನೇ ಬೀಗ ತೆಗೆದು, ತಾನೇ "ಬಂದ್ರೇನ?" ಎಂದುಕೊಂಡು ಒಳಗೆ ಹೋಗುತ್ತಿದ್ದ.

ಫೋನು ಬೇಡ, ಹೊಸ್ತಿಲು ಬೇಡ. ರಸ್ತೆ ಬೇಡ ಎಂದಿರಲಿಲ್ಲವಲ್ಲ! ಮಾವನ ಮನೆ ಇದ್ದದ್ದು ಹೆದ್ದಾರಿಯ ಬದಿಗೇ. ಆದರೆ ಕಬ್ಬಿನ ಹಂಗಾಮು; ಒಂದೊಂದು ಟ್ರ್ಯಾಕ್ಟರೂ ಊರಿಗೆಲ್ಲ ಕೇಳುವಂತೆ ಹಾಡು ಹಚ್ಚಿಕೊಂಡು ಹೋಗುವ ಕಾಲ. ಆ ಗದ್ದಲದಲ್ಲಿ ತಾನು ಬಂದದ್ದು ಅವಳಿಗೆ ತಿಳಿಯಬೇಕಾದರೆ ಮನೆಯ ಗುಬ್ಬಿಯೇ ಕೂಗಬೇಕು. ಬೆಲ್ಲಿಗೆ ತರಕಾರಿ ಮಾರುವವರ ಸಣ್ಣ ಭೋಂಗಾ ಸ್ಪೀಕರು ಜೋಡಿಸಿದ. ಗಾಡಿಯ ಹಾರ್ನ್ ಒತ್ತಿದಾಗ ಗುಬ್ಬಿ ಕೂಗಲೆಂದು ನಡುವೆ ಒಂದು ರಿಲೇ ಇಟ್ಟ. ರಿಲೇ ಎಂದರೆ ಕರೆಂಟು ಬಂದಾಗ ತಾನೇ ಒತ್ತಿಕೊಳ್ಳುವ ಪುಟ್ಟ ಸ್ವಿಚ್ಚು.

ತೊಡಕು ಒಂದೇ. ಹತ್ತರಗಿಗೆ ಹೋಗಲು ಸಿಗುತ್ತಿದ್ದದ್ದು ಗಿರಾಕಿಗಳ ಗಾಡಿ. ಕೇದಾರಿಯ ಟಂಟಂ ಆಟೋಗೆ ಹನ್ನೆರಡು ವೋಲ್ಟು, ಬೀರಸಿದ್ದಪ್ಪನ ಲಾರಿಗೆ ಇಪ್ಪತ್ನಾಲ್ಕು. ರಿಲೇ ಮಾತ್ರ ಹನ್ನೆರಡರದ್ದು. ಅದಕ್ಕೆ ಮಲ್ಲೇಶ ಎರಡು ದಾರಿಯ ಸ್ವಿಚ್ಚು ಹಾಕಿದ: ಟಂಟಂನಲ್ಲಿ ನೇರ ದಾರಿ; ಲಾರಿಯಲ್ಲಿ ವೋಲ್ಟಿನಲ್ಲಿ ಅರ್ಧ ಪಾಲನ್ನು ತಾನು ನುಂಗಿಕೊಳ್ಳುವ ಒಂದು ರೆಸಿಸ್ಟರಿನ ದಾರಿ. ಎಲ್ಲವನ್ನೂ ಒಂದು ಪೆಟ್ಟಿಗೆಗೆ ಕೂಡಿಸಿ, ಮೇಲೆ ದುಂಡನೆಯ ಅಕ್ಷರದಲ್ಲಿ "೧೨" ಮತ್ತು "೨೪" ಎಂದು ಬರೆದ.

"ಡೈನಮೋ ಲೋಡಿನ ಮ್ಯಾಲ ನೋಡಬೇಕು" ಎಂದು ಬೀರಸಿದ್ದಪ್ಪನಿಗೆ ನೆಪ ಹೇಳಿ ನಾಲ್ಕನೆಯ ದಿನ ಲಾರಿ ಹತ್ತಿದ. ಗುಬ್ಬಿ ಕೂಗಿತು. ಮನೆಯಿಂದ ಯಾರೂ ಹೊರಗೆ ಬರಲಿಲ್ಲ. ಐದನೆಯ ದಿನ ಸ್ವಿಚ್ಚನ್ನು ಹನ್ನೆರಡಕ್ಕೆ ಸರಿಸಿ ಟಂಟಂನಲ್ಲಿ ಹೋದ. ಚಿಂವ್ ಚಿಂವ್. ದಾಕ್ಷಾಯಿಣಿ ಬಾಗಿಲಿಗೆ ಬಂದಳು. ಹಿಟ್ಟಿನ ಕೈಯನ್ನು ಹಣೆಗೆ ಅಡ್ಡ ಹಿಡಿದು ರಸ್ತೆಯ ಉದ್ದಕ್ಕೂ ನೋಡಿದಳು. ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತು. ಅಷ್ಟೇ. ವಾಪಸು ಗೋಕಾಕದವರೆಗೂ ಮಲ್ಲೇಶ ತನ್ನ ಹಣೆಯನ್ನೇ ಒರೆಸಿಕೊಳ್ಳುತ್ತಿದ್ದ. ಅವಳ ಹಣೆಗೆ ಹಿಟ್ಟು ಹತ್ತಿತ್ತಲ್ಲ, ಯಾರಾದರೂ ಹೇಳಿದರೋ ಇಲ್ಲವೋ ಎಂಬುದೇ ಯೋಚನೆ.

ಅದೇ ಯೋಚನೆಯಲ್ಲಿ ಆರನೆಯ ದಿನ ಲಾರಿ ಹತ್ತಿದ. ಸ್ವಿಚ್ಚು ಹನ್ನೆರಡರಲ್ಲೇ ಉಳಿಯಿತು.

ಮನೆ ಬಂತು. ಹಾರ್ನ್ ಒತ್ತಿದ. ಬಾಗಿಲು ಖಾಲಿ. ಒತ್ತಿಯೇ ಹಿಡಿದ. ಎರಡು ಪಟ್ಟು ವೋಲ್ಟು, ನಾಲ್ಕು ಪಟ್ಟು ಶಾಖ. ಬಡ ರಿಲೇ ಎಷ್ಟೆಂದು ತಾಳೀತು? ಪೆಟ್ಟಿಗೆಯಿಂದ ಹೊಗೆ ಬಂತು, ಒಳಗಿನ ಪ್ಲಾಸ್ಟಿಕ್ ಕರಗಿ ರಿಲೇ ಒತ್ತಿದಲ್ಲೇ ಅಂಟಿಕೊಂಡಿತು. ಮಲ್ಲೇಶ ಕೈ ಬಿಟ್ಟ. ಗುಬ್ಬಿ ಬಿಡಲಿಲ್ಲ.

"ಏ ಮಲ್ಲೇಶಣ್ಣ, ಲಾರಿಗೆ ಬೆಂಕಿ ಹಚ್ಚತಿ ಏನ್ಪಾ!" ಎಂದು ಬೀರಸಿದ್ದಪ್ಪ ಬ್ರೇಕ್ ಹಾಕಿದ. ಓಣಿಯೆಲ್ಲ ಕೂಡಿತು. ದಾಕ್ಷಾಯಿಣಿ ಔಷಧದ ಬಾಟಲಿ ಹಿಡಿದೇ ಬಂದು, ಪೆಟ್ಟಿಗೆ ಇಸಿದುಕೊಂಡು, ಬೆಲ್ಲಿನ ಹಿಂಬದಿಯ ಮುಚ್ಚಳ ತೆಗೆದು ಸೆಲ್ಲು ಕಿತ್ತಳು. ಮನೆಯಲ್ಲಿ ಸೆಲ್ಲು ಬದಲಿಸುತ್ತಿದ್ದವಳು ಅವಳೇ.

"ಮೂರ ದಿವಸಾತು, ನಮ್ಮ ಮನಿ ಬೆಲ್ ರಸ್ತೇದಾಗ ತಿರಗಾಕತ್ತೈತಿ" ಎಂದಳು. "ನನಗ ತಲಿ ಕೆಟ್ಟೈತೇನೋ ಅನಕೊಂಡಿದ್ದೆ."

ಕಪ್ಪು ಕನ್ನಡಕದ ಚನ್ನವ್ವ ಬಾಗಿಲಲ್ಲಿ ನಿಂತು, "ಕರಕೊಂಡ ಹೋಗ್ರಿ ಅಳಿಯಾರ. ಹನಿ ಬಾಜೂ ಮನಿಯವ್ರು ಹಾಕ್ತಾರ. ನಿನ್ನೇನ ಚೀಲಾ ಕಟ್ಟಿ ಬಾಗಲ ಹಿಂದ ಇಟ್ಟಾಳ" ಎಂದಳು.

"ಅವ್ವಾ!" ದಾಕ್ಷಾಯಿಣಿಯ ಮುಖ ಕೆಂಪಾಯಿತು. ಸೆರಗು ಸರಿಮಾಡಿಕೊಂಡು ಗಂಡನ ಕಡೆ ತಿರುಗಿದಳು. "ಆತು, ಬರ್ತೇನಿ. ಆದ್ರ ಈಗ ಎಲ್ಲಾರ ಮುಂದ ಹೇಳ್ರಿ. ನಾ ಇಲ್ಲದ ಎಷ್ಟ ದಿವಸ ಇರ್ತೀರಿ?"

ಸುಲಭದ ಪ್ರಶ್ನೆ. ಮಲ್ಲೇಶ ಕಣ್ಣು ಮುಚ್ಚಿ ಲೆಕ್ಕ ಹಾಕಿದ.

"ಅರ್ಧಾ ದಿವಸ."

"ಅದ್ಯಾವ ಅರ್ಧಾ?"

"ಮೊದಲನೇ ದಿವಸ ನೀ ಹ್ವಾದ ಮ್ಯಾಲ ಮಧ್ಯಾಹ್ನದ ತನಕಾ ಮಲಗಿದ್ದೆ. ಆಗ ಗೊತ್ತಾಗಲಿಲ್ಲ."

ಓಣಿ ಬಿದ್ದು ಬಿದ್ದು ನಕ್ಕಿತು. ದಾಕ್ಷಾಯಿಣಿಗೂ ನಗು ಬಂತು, ನುಂಗಿಕೊಂಡಳು. "ಸೊನ್ನಿ ಅನ್ನಬೇಕಿತ್ರಿ. ಉತ್ತರ ತಪ್ಪು. ಮೊದಲಿನ ಉತ್ತರಾನ ಖಾಯಂ." ಬೆಲ್ಲನ್ನು ಪೆಟ್ಟಿಗೆಯಿಂದ ಬಿಡಿಸಿ ಸೆರಗಲ್ಲಿ ಇಟ್ಟುಕೊಂಡಳು. "ಇದು ನಮ್ಮವ್ವನ ಬಾಗಲಕ್ಕ ಇರತೈತಿ. ದಿನಾ ಬಂದ ಒತ್ತರಿ. ಹೊಸ್ತಿಲಾ ತುಳೀಬ್ಯಾಡ್ರಿ ಅಂದೇನಿ, ಬೆಲ್ ಒತ್ತಬ್ಯಾಡ್ರಿ ಅಂದಿಲ್ಲ."

ಲಾರಿ ಹೊರಟಿತು. ಹಿಂದಿನಿಂದ ಎರಡು ಸಲ ಚಿಂವ್ ಚಿಂವ್ ಕೇಳಿತು. ಅವಳೇ ಒತ್ತಿ ನೋಡಿರಬೇಕು. ಮಲ್ಲೇಶ ಸುಟ್ಟ ರಿಲೇಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಿಂದ ಹಿಂದಕ್ಕೇ ನೋಡುತ್ತಿದ್ದ.

ಗೋಕಾಕ ಬಂದಾಗ ಬೀರಸಿದ್ದಪ್ಪ ತಡೆಯಲಾರದೆ ಕೇಳಿದ. "ಚೀಲಾ ಕಟ್ಟಿದಾಕಿ ಸುದ್ದಾ ಬರಲಿಲ್ಲಲ್ಲೋ ಮಾರಾಯಾ! ಮೊದಲ ನೀ ಅಕಿಗೆ ಎಷ್ಟ ಅಂತ ಹೇಳಿದ್ದಿ?"

ಮಲ್ಲೇಶ ಸುಟ್ಟ ರಿಲೇಯನ್ನು ಜೇಬಿಗೆ ಹಾಕಿಕೊಂಡ.

"ಹದಿನೆಂಟು."