ಉಳ್ಳಾಗಡ್ಡಿಯ ತೊಟ್ಟಿಲು

ನಮ್ಮ ದೊಡ್ಡವ್ವನ ತಲೆ ನೆಟ್ಟಗಿಲ್ಲ ಎಂಬುದು ಸಿಂದಗಿಯ ನಮ್ಮ ಓಣಿಗೆಲ್ಲ ಗೊತ್ತಿತ್ತು, ಗೊತ್ತಿಲ್ಲದವಳು ಅವಳೊಬ್ಬಳೇ! ಇಲ್ಲದಿದ್ದರೆ, ಹಿತ್ತಾಳೆ ಸರಪಳಿಯ ಬಣ್ಣದ ತೊಟ್ಟಿಲನ್ನು ಪಡಸಾಲೆಯಲ್ಲಿ ತೂಗುಹಾಕಿ ಅದರ ತುಂಬ ಉಳ್ಳಾಗಡ್ಡಿ ಹಾಕುವವರುಂಟೇ? ಅವಳಿಗೆ ಮಕ್ಕಳಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಮಾಸ್ತರಿಕೆ ಸಿಕ್ಕು ಅವಳ ಮನೆಯಲ್ಲಿದ್ದ ನಾನು ಒಮ್ಮೆ ಕೇಳಿಯೇಬಿಟ್ಟೆ.

"ಗಾಳಿ ಆಡಿದ್ರ ಉಳ್ಳಾಗಡ್ಡಿ ಕೊಳಿಯಂಗಿಲ್ಲೋ" ಎಂದು ತೊಟ್ಟಿಲನ್ನೊಮ್ಮೆ ತೂಗಿ ಒಳಗೆ ಹೋದಳು.

ಇನ್ನು ಅವಳ ಚಹಾದ ಹುಚ್ಚು! ಯಾರ ಮನೆಯಲ್ಲಿ ಚಹಾ ಕುದ್ದರೂ ವಾಸನೆ ಹಿಡಿದು ಹಾಜರು. ಎದುರು ಮನೆಗೆ ಬೀದರ ಕಡೆಯ ಕ್ರೈಸ್ತ ನರ್ಸಬಾಯಿ ಬಾಡಿಗೆಗೆ ಬಂದಾಗ ಅಲ್ಲಿಗೂ ನುಗ್ಗಿದಳು. ಓಣಿ ಬೆಚ್ಚಿತು. ಹೆರಿಗೆಗೆ ಎಲ್ಲರಿಗೂ ಆ ನರ್ಸಬಾಯಿಯೇ ಬೇಕು. ಅವಳ ಮನೆಯ ನೀರು ಮಾತ್ರ ಯಾರಿಗೂ ಬೇಡ.

"ಕಿರಸ್ತಾನರ ಮನ್ಯಾಗ ಚಾ ಕುಡದ್ರೇನ್ರಿ?" ಎಂದು ಪಕ್ಕದ ಮನೆಯಾಕೆ ಹುಬ್ಬೇರಿಸಿದಳು.

"ಕುಡದೆ. ಸಕ್ಕರಿ ಜಾಸ್ತಿ ಆಗಿತ್ತು. ನಿನ್ನ ಮೊಮ್ಮಗನ್ನ ಎತ್ತಿದ ಕೈನ ಮಾಡಿದ್ದು" ಎಂದಳು ದೊಡ್ಡವ್ವ.

ಕ್ರಿಸ್‌ಮಸ್ ಹತ್ತಿರ ಬಂದಾಗ ನರ್ಸಬಾಯಿ ಟ್ರಂಕು ತುಂಬತೊಡಗಿದಳು. ಚಹಾಕ್ಕೆ ಬಂದ ದೊಡ್ಡವ್ವನಿಗೆ ಹೇಳಿದಳು: "ಹಬ್ಬ ಮುಗಿಸಿ ವರ್ಗಾ ಮಾಡಿಸ್ಕೊಂಡು ಹೋಗ್ತೇನ್ರಿ ಅವ್ವಾರ. ಒಬ್ಬಾಕೆ ಇದ್ದು ಸಾಕಾಗೇತಿ."

"ಯಾವ ಹಬ್ಬ?"

"ನಮ್ಮ ಯೇಸುಸ್ವಾಮಿ ಹುಟ್ಟಿದ್ದು. ದನಕ್ಕ ಮೇವು ಹಾಕೋ ಗ್ವಾದಲ್ಯಾಗ ಮಲಗಿಸಿದ್ರು."

"ಗ್ವಾದಲ್ಯಾಗ?" ದೊಡ್ಡವ್ವ ಕೆರಳಿದಳು. "ಬಾಣಂತಿಗೆ ಒಂದು ಮನಿ ಸಿಗಲಿಲ್ಲೇನ ಆ ಊರಾಗ?"

"ಯಾರೂ ಒಳಗ ಕರೀಲಿಲ್ರಿ."

ದೊಡ್ಡವ್ವ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಹುಟ್ಟಿದಾರಭ್ಯ ಹಾಗೆ ಮಾಡಿದವಳಲ್ಲ. ನೇರವಾಗಿ ಮನೆಮನೆಗೆ ಹೋಗಿ, "ಹಬ್ಬದ ಸಂಜೀಕ ನರ್ಸಬಾಯಿ ಮನ್ಯಾಗ ಕೂಸಿನ್ನ ತೊಟ್ಲಾಗ ಹಾಕ್ತೇವಿ, ಬರ್ರಿ" ಎಂದು ಕರೆದು ಬಂದಳು. ಮದುವೆಯಾಗದ ನರ್ಸಬಾಯಿಗೆ ಕೂಸೇ! ಇನ್ನು ಯಾವ ಹೆಂಗಸು ತಾನೇ ಮನೆಯಲ್ಲಿ ಕೂತಾಳು?

ಬಂದವರು ಬಗ್ಗಿ ನೋಡಿದರೆ ತೊಟ್ಟಿಲಲ್ಲಿ ಅಂಗೈಯಷ್ಟು ಮಣ್ಣಿನ ಬಾಲಯೇಸು! ದೊಡ್ಡವ್ವ ಹಾಕಿದ ಕುಲಾವಿ ತಲೆಯಿಂದ ಜಾರಿ ಅವನ ಮೊಣಕಾಲು ಮುಟ್ಟಿತ್ತು. ಪಕ್ಕದ ಮನೆಯಾಕೆ ಮೊದಲು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ನಕ್ಕ ಮೇಲೆ ಎದ್ದು ಹೋಗುವುದಾದರೂ ಹೇಗೆ? ಕೂತರು. ಜೋಗುಳ ಹಾಡಿದರು. ಗುಗ್ಗರಿ ತಿಂದರು. ನರ್ಸಬಾಯಿ ಎಲ್ಲರಿಗೂ ಚಹಾ ತಂದಳು.

ಪಕ್ಕದ ಮನೆಯಾಕೆ ಒಂದು ಗುಟುಕು ಕುಡಿದು ದೊಡ್ಡವ್ವನ ಕಡೆ ತಿರುಗಿದಳು. "ಹೌದ್ರಿ, ಸಕ್ಕರಿ ಜಾಸ್ತಿ ಆಗೇತಿ."

ಮಾರನೆಯ ದಿನ ನಮ್ಮ ಪಡಸಾಲೆಯ ಮೂಲೆಯಲ್ಲಿ ಉಳ್ಳಾಗಡ್ಡಿ ರಾಶಿ ಬಿದ್ದಿತ್ತು. ತೊಟ್ಟಿಲು ತರಲೇ ಎಂದು ಕೇಳಿದೆ.

"ಅಲ್ಲೇ ಇರಲಿ ಬಿಡೋ" ಎಂದಳು ದೊಡ್ಡವ್ವ. "ಮದುವಿ ಆದ ವರ್ಷ ಆಸೆಪಟ್ಟು ತಂದಿದ್ದೆ. ನಿನ್ನೆ ಒಂದು ಕೂಸು ಮಲಗೇತಿ."

ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು. ಟ್ರಂಕಿಗೆ ತುಂಬಿದ್ದ ಸೀರೆಗಳು ಮತ್ತೆ ಹಗ್ಗದ ಮೇಲೆ ಬಂದಿದ್ದವು. "ಅವ್ವಾ, ಚಾ ಆಗೇತಿ, ಬಾ" ಎಂದು ಕೂಗಿದಳು ನರ್ಸಬಾಯಿ. ಚಹಾ ಎಂದರೆ ಓಡುವ ದೊಡ್ಡವ್ವ ಅಂದು ಹೊಸ್ತಿಲಲ್ಲೇ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ ಹೋದಳು.