ಆಚಾರ್ರ ಒಂದು ಕಣ್ಣು, ನನ್ನ ಎರಡು ಮೆಷಿನು

ನಮ್ಮ ವರ್ಕ್‌ಶಾಪಿನಲ್ಲಿ ರಗಳೆ ಇಲ್ಲದೆ ಕಳೆದ ದಿನವೆಂದರೆ ಭಾನುವಾರ ಮಾತ್ರ. ಅಂದು ಬಾಗಿಲು ಹಾಕಿರುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ನಾನು ಬೊಂಬಾಯಿಯ ಕಾರ್ಖಾನೆ ಬಿಟ್ಟು ಊರಿಗೆ ಬಂದವನು. ಮಡಂತ್ಯಾರು ಪೇಟೆಯ ತುದಿಯಲ್ಲಿ ಒಂದು ಶೆಡ್ಡು ಹಾಕಿ ಕತ್ತಿ ಮಾಡುವ ಕೆಲಸ ಶುರು ಮಾಡಿದೆ. ಹುಲ್ಲು ಕೊಯ್ಯುವ ಕತ್ತಿ, ತರಕಾರಿ ಹೆಚ್ಚುವ ಮೆಟ್ಟುಕತ್ತಿ, ಕಾಯಿ ಒಡೆಯುವ ಕತ್ತಿ, ಎಲ್ಲ ಮಾಡುತ್ತಿದ್ದೆವು. ಕರೆಂಟಿನ ಮೆಷಿನು ಎರಡು ಇದ್ದವು. ಒಂದು, ಕಲ್ಲು ಗರಗರ ತಿರುಗಿ ಕತ್ತಿಯ ಬಾಯಿ ಮಸೆಯುವ ಗ್ರೈಂಡರು. ಇನ್ನೊಂದು, ಬಟ್ಟೆಯ ಚಕ್ರ ತಿರುಗಿ ಹೊಳಪು ಕೊಡುವ ಬಫ್ಫು. ಬೊಂಬಾಯಿಯಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದವನ ಎರಡು ಬೆರಳು ಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಹಾಗಾಗಿ ಈ ಮೆಷಿನುಗಳ ಹತ್ತಿರ ಯಾರು ಹೋದರೂ ನನ್ನ ಎದೆ ಡವಡವ.

ಗ್ರೈಂಡರಿಗೆ ಒಬ್ಬರು ಆಚಾರ್ರು ಸಿಕ್ಕಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕಬ್ಬಿಣದ ಗುಣ ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ, ಹಟವೂ ಅಷ್ಟೇ. ಹಿಂದೆ ಕುಲುಮೆಯಲ್ಲಿ ಬಡಿಯುವಾಗ ಕಿಡಿ ಹಾರಿ ಎಡಗಣ್ಣು ಹೋಗಿತ್ತು. ಕೆಲಸಕ್ಕೆ ಸೇರಿದ ದಿನ ಅವರ ಹೆಂಡತಿ ಜೊತೆಯಲ್ಲೇ ಬಂದು ನನ್ನನ್ನು ಮೂಲೆಗೆ ಕರೆದರು.

"ಉಳಿದದ್ದು ಒಂದೇ ಕಣ್ಣು. ಬೆಳಿಗ್ಗೆ ನಾನು ಹೇಗೆ ಕಳಿಸ್ತೇನೋ ಸಂಜೆ ಹಾಗೇ ವಾಪಸ್ ಬರಬೇಕು. ಇಲ್ಲದಿದ್ದರೆ ನಾನು ಇಲ್ಲಿಗೇ ಬಂದು ಕೂತ್ಕೊಳ್ತೇನೆ."

ಆಯ್ತು ಅಕ್ಕ ಎಂದೆ. ಆ ಒಂದು ಮಾತಿಗೆ ನಾನು ಅನುಭವಿಸಿದ್ದು ಅಷ್ಟಿಷ್ಟಲ್ಲ.

ಗಾಜಿಗೆ ಗೀರು

ಮಂಗಳೂರಿಗೆ ಹೋಗಿ ಆಚಾರ್ರಿಗಾಗಿ ದಪ್ಪ ಗಾಜಿನ, ಸುತ್ತ ಚರ್ಮದ ಪಟ್ಟಿ ಇರುವ ಕನ್ನಡಕ ತಂದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಭಾರೀ ಲಾಯ್ಕ ಉಂಟು" ಎಂದರು. ನನಗೆ ಸಮಾಧಾನ ಆಯಿತು.

ಮರುದಿನ ನೋಡಿದರೆ ಕಿಡಿ ದೀಪಾವಳಿಯ ಹಾಗೆ ಹಾರುತ್ತಿದೆ, ಇವರು ಬರಿಗಣ್ಣಲ್ಲಿ ಕತ್ತಿ ಒತ್ತುತ್ತಿದ್ದಾರೆ. ನಾನು ಓಡಿಹೋಗಿ ಸ್ವಿಚ್ಚು ಬಂದ್ ಮಾಡಿದೆ.

"ಕನ್ನಡಕ ಎಲ್ಲಿ ಆಚಾರ್ರೆ?"

"ಜೋಪಾನ ಉಂಟು." ಬೀಡಿ ಡಬ್ಬದ ಪಕ್ಕದಿಂದ ಒಂದು ಗಂಟು ತೆಗೆದರು. ಹಳೇ ಬನಿಯನಿನಲ್ಲಿ ಮೂರು ಸುತ್ತು ಸುತ್ತಿ ಇಟ್ಟಿದ್ದರು.

"ಇದನ್ನು ಕಣ್ಣಿಗೆ ಹಾಕಿ ಮಾರಾಯ್ರೆ!"

"ಹೊಸ ಗಾಜು. ಕಿಡಿ ತಾಗಿದರೆ ಗೀರು ಬೀಳ್ತದೆ."

ನಾನು ಬೊಬ್ಬೆ ಹಾಕಿದೆ, ಕೈಮುಗಿದೆ, ಅವರ ಹೆಂಡತಿಯ ಹೆಸರು ಹೇಳಿ ಹೆದರಿಸಿದೆ. ಕೊನೆಗೆ ಹಾಕಿಕೊಂಡರು, ಆದರೆ ಹಣೆಯ ಮೇಲೆ. ನಾನು ಬರುವ ಸದ್ದು ಕೇಳಿದರೆ ಕೆಳಗೆ ಇಳಿಯುತ್ತಿತ್ತು, ನಾನು ತಿರುಗಿದ ಕೂಡಲೇ ಮೇಲೆ ಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ಮೂಡುಬಿದಿರೆಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಎದುರು ನೋಡುತ್ತೇನೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜರಿ ಶಾಲು, ಕಣ್ಣಿಗೆ ನನ್ನ ವರ್ಕ್‌ಶಾಪಿನ ಕನ್ನಡಕ. ಆಚಾರ್ರು ಪಾಯಸ ಸೊರ್ರನೆ ಹೀರುತ್ತಿದ್ದಾರೆ!

"ಕೆಲಸದಲ್ಲಿ ಹಾಕುವುದಿಲ್ಲ, ಇಲ್ಲಿ ಎಂಥದಕ್ಕೆ ಹಾಕಿದ್ದೀರಿ?" ಎಂದು ಹಲ್ಲು ಕಚ್ಚಿ ಕೇಳಿದೆ.

"ಮದುವೆಗೆ ಹಾಕದೆ ಮತ್ತೆ ಯಾವಾಗ ಹಾಕುವುದು?" ಎಂದರು.

ಕರೆಂಟು ಬಂದದ್ದು ಗೊತ್ತಾಗುವ ಬಗೆ

ಆಗ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಕತ್ತಿ ಒತ್ತಿ ಹಿಡಿದಿರುವಾಗಲೇ ಮೆಷಿನು ನಿಂತುಬಿಡುತ್ತಿತ್ತು. ಬಫ್ಫಿನ ಕೆಲಸಕ್ಕೆ ಒಬ್ಬ ಇದ್ದ, ಕೆಲಸದಲ್ಲಿ ಚುರುಕು, ಉಳಿದ ಸಮಯದಲ್ಲಿ ನಿದ್ದೆ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸೆಕೆ ತಡೆಯದೆ ಇವನು ಅಂಗಿ ಬಿಚ್ಚಿ ಮೆಷಿನಿನ ರಾಡಿಗೇ ತೂಗುಹಾಕಿ ಬಾಗಿಲಲ್ಲಿ ಮಲಗಿದ. ಸ್ವಿಚ್ಚು ಹಾಗೇ ಇತ್ತು.

ಕರೆಂಟು ಬಂತು. ಅಂಗಿ ಗಿರ್ರನೆ ತಿರುಗಿ, ಹರಿದು, ಒಂದು ತೋಳು ಮೇಲೆ ಮಾಡಿನ ಜಂತಿಗೆ ಹೋಗಿ ಸಿಕ್ಕಿಕೊಂಡಿತು. ಒಳಗೆ ಅವನ ಕೈ ಇದ್ದಿದ್ದರೆ? ನಾನು ಅವನನ್ನು ಅಲುಗಾಡಿಸಿ ಎಬ್ಬಿಸಿದೆ.

"ಕರೆಂಟು ಹೋದ ಕೂಡಲೇ ಸ್ವಿಚ್ಚು ಬಂದ್ ಮಾಡಬೇಕು ಅಂತ ಎಷ್ಟು ಸಲ ಹೇಳುವುದು ನಿನಗೆ?"

"ಬಂದ್ ಮಾಡಿದರೆ ಕರೆಂಟು ಬಂದದ್ದು ಗೊತ್ತಾಗುವುದು ಹೇಗೆ?" ಎಂದು ಕೇಳಿದ. ಆಚಾರ್ರು ಹೌದಲ್ಲ ಎಂಬಂತೆ ತಲೆಯಾಡಿಸಿದರು.

ಸರಿ, ಅದಕ್ಕೆಂದೇ ಒಂದು ಬಲ್ಬು ತೂಗುಹಾಕಿಸಿದೆ. ಕರೆಂಟು ಹೋದರೆ ಮೆಷಿನಿನ ಸ್ವಿಚ್ಚು ಬಂದ್, ಬಲ್ಬು ಉರಿದರೆ ಕರೆಂಟು ಬಂತು, ಆಮೇಲೆ ಕೆಲಸ. ಚಿಕ್ಕ ಮಕ್ಕಳಿಗೂ ಅರ್ಥ ಆಗಬೇಕು.

ಒಂದು ದಿನ ಬೆಳ್ತಂಗಡಿಗೆ ಹೋಗಿ ಸಂಜೆ ವಾಪಸ್ ಬಂದೆ. ಪಕ್ಕದ ಅಕ್ಕಿ ಮಿಲ್ಲು ಧಡಧಡ ಓಡುತ್ತಿದೆ. ನಮ್ಮ ಶೆಡ್ಡಿನಲ್ಲಿ ಇಬ್ಬರೂ ಗೋಡೆಗೆ ಒರಗಿ ಕೂತು ಬಲ್ಬನ್ನೇ ನೋಡುತ್ತಿದ್ದಾರೆ. ಬೆಳಿಗ್ಗೆ ಹೋದ ಕರೆಂಟು ಇನ್ನೂ ಬಂದಿಲ್ಲವಂತೆ.

"ಮಿಲ್ಲು ಓಡುವುದು ಕೇಳುವುದಿಲ್ಲವಾ? ಬಲ್ಬು ಯಾಕೆ ಉರಿಯುವುದಿಲ್ಲ?"

"ಸ್ವಿಚ್ಚು ಬಂದ್ ಮಾಡಿದ್ದೇನೆ" ಎಂದ ಬಫ್ಫಿನವ. "ನೀವೇ ಹೇಳಿದ್ದಲ್ಲವಾ, ಕರೆಂಟು ಹೋದಾಗ ಯಾವುದನ್ನೂ ಹಾಗೇ ಬಿಡಬಾರದು ಅಂತ?"

ಕುಂಕುಮದ ಬೊಟ್ಟು

ಆಯುಧ ಪೂಜೆಯ ದಿನ ಭಟ್ಟರು ಬಂದು ಎಲ್ಲದಕ್ಕೂ ಪೂಜೆ ಮಾಡಿದರು. ಗ್ರೈಂಡರಿಗೆ ಸೇವಂತಿಗೆ ಮಾಲೆ. ಸುತ್ತಿಗೆ, ಇಕ್ಕಳ, ಸಾಲಾಗಿ ಇಟ್ಟ ಕತ್ತಿ, ಎಲ್ಲಕ್ಕೂ ಗಂಧ, ಕುಂಕುಮ. ಆಚಾರ್ರು ಕನ್ನಡಕವನ್ನೂ ಬಾಳೆಲೆಯ ಮೇಲೆ ಇಟ್ಟಿದ್ದರು. ಅಂತೂ ಅದನ್ನು ಕೆಲಸದ ಸಾಮಾನು ಎಂದು ಒಪ್ಪಿದರಲ್ಲ ಎಂದು ನಾನು ಖುಷಿಪಟ್ಟೆ. ಭಟ್ಟರು ಎರಡೂ ಗಾಜಿಗೆ ನಾಲ್ಕಾಣೆಯಷ್ಟು ದೊಡ್ಡ ಬೊಟ್ಟು ಇಟ್ಟರು.

ಮರುದಿನ ಮಾಲೆ ತೆಗೆಸುವುದಕ್ಕೇ ಅರ್ಧ ದಿನ ಜಗಳ. ಬಾಡುವ ಮೊದಲು ತೆಗೆಯಬಾರದಂತೆ. ತಿರುಗುವ ಕಲ್ಲಿಗೆ ಮಾಲೆ ಸಿಕ್ಕಿದರೆ ಕೈಯನ್ನೂ ಎಳೆಯುತ್ತದೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಅದು ಮುಗಿಯುವಾಗ ಆಚಾರ್ರು ಕನ್ನಡಕ ಹಾಕಿಕೊಂಡು, ಗೋಡೆ ತಡವುತ್ತಾ ಬರುತ್ತಿದ್ದಾರೆ.

"ಬೊಟ್ಟು ಒರೆಸಿ ಮಾರಾಯ್ರೆ!"

"ಪ್ರಸಾದ ಒರೆಸಲಿಕ್ಕೆ ಉಂಟಾ? ನೀವು ಹಾಕು ಅಂದಿರಿ, ಹಾಕಿದೆ. ಕಾಣುವುದಿಲ್ಲ. ಬೇಕಾದರೆ ತೆಗೀತೇನೆ."

ಬೊಟ್ಟು ತಾನಾಗಿ ಒಣಗಿ ಉದುರುವವರೆಗೆ ನಾಲ್ಕು ದಿನ ಗ್ರೈಂಡರು ಬಂದ್ ಮಾಡಿಸಿ ಕೂತೆ. ಮರುವರ್ಷ ಪೂಜೆಗೆ ಮೊದಲೇ ಭಟ್ಟರ ಮನೆಗೆ ಹೋಗಿ ನನ್ನ ಸಂಕಟವನ್ನೆಲ್ಲ ತೋಡಿಕೊಂಡೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. ಪೂಜೆಯ ದಿನ ಕನ್ನಡಕದ ಸರದಿ ಬಂದಾಗ ಕುಂಕುಮದ ಬೆರಳು ಎತ್ತಿ ಹಿಡಿದು ಕೇಳಿದರು: "ಆಚಾರ್ರೆ, ನಿಮಗೆ ಕಾಣದ ಕಣ್ಣು ಯಾವುದು?"

ದೈವದ ಕತ್ತಿ

ವಾಮದಪದವು ಕಡೆಯ ಒಂದು ಗುತ್ತು, ಅಂದರೆ ಹಳೇ ಜಮೀನ್ದಾರರ ಮನೆಯಿಂದ ದೈವದ ಕತ್ತಿ ಬಂತು. ಎರಡು ದಿನದಲ್ಲಿ ಕೋಲ, ವೇಷ ಕಟ್ಟಿದವರ ಮೈಮೇಲೆ ದೈವ ಬಂದು ಆ ಕತ್ತಿ ಹಿಡಿದು ನುಡಿ ಕೊಡುವ ದಿನ. ಅಲಗಿಗೆ ತುಕ್ಕು ಹಿಡಿದಿತ್ತು. ಆಚಾರ್ರು ಸ್ನಾನ ಮಾಡಿ, ಮಡಿಯಲ್ಲಿ ಬಂದರು. ಬಂದವರೇ ಚಪ್ಪಲಿ ಹೊರಗಿಟ್ಟರು, ಅಂಗಿ ಬಿಚ್ಚಿದರು, ಎದೆಗೆ ಕಟ್ಟುವ ಚರ್ಮದ ಪಟ್ಟಿಯನ್ನು ಕಾಲಲ್ಲಿ ದೂರ ಸರಿಸಿದರು. ಕನ್ನಡಕ ಗೂಟಕ್ಕೆ ಹೋಯಿತು.

"ಇದೇನು ಆಚಾರ್ರೆ?"

"ದೈವದ ಸೊತ್ತು. ಚರ್ಮ ತಾಗಬಾರದು."

"ಕೋಲದಲ್ಲಿ ಬಾರಿಸುವ ಡೋಲು ಚರ್ಮದ್ದಲ್ಲವಾ?"

"ಅದು ಬೇರೆ."

"ಕಣ್ಣು ಹೋದರೆ?"

"ದೈವ ನೋಡಿಕೊಳ್ತದೆ."

ದೈವ ನೋಡಿಕೊಂಡೀತು, ಆಚಾರ್ರ ಹೆಂಡತಿಗೆ ಉತ್ತರ ಕೊಡಬೇಕಾದವನು ನಾನು! ಹಳೇ ತುಕ್ಕು ಎಂದರೆ ಚೂರು ಚೂರಾಗಿ ಮುಖಕ್ಕೇ ಸಿಡಿಯುತ್ತದೆ. ನನಗೆ ಸಿಟ್ಟಿನಲ್ಲಿ ಅಳುವೇ ಬಂತು. ಮೆಷಿನಿನ ವಯರು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ತೋಟದ ಕಡೆ ನಡೆದೆ. ದೊಡ್ಡ ಅಡಿಕೆ ಹಾಳೆ ಎರಡು ತಂದೆ. ಒಂದನ್ನು ಅವರ ಎದೆಗೆ ಕಟ್ಟಿದೆ. ತಲೆಗೆ ಹಾಳೆಯ ಮುಟ್ಟಾಳೆ ಟೋಪಿ ಇಟ್ಟೆ. ಕನ್ನಡಕದ ಚರ್ಮವನ್ನೆಲ್ಲ ಕಿತ್ತೆಸೆದು, ಗಾಜಿನ ಸುತ್ತ ಹಾಳೆಯ ತುಂಡು ಸಿಕ್ಕಿಸಿ, ಬಾಳೆನಾರಿನಲ್ಲಿ ತಲೆಯ ಹಿಂದೆ ಬಿಗಿದೆ. ಕಾಲಡಿಗೆ ಹಲಸಿನ ಮಣೆ ಇಟ್ಟು, ವಯರು ಪುನಃ ಸಿಕ್ಕಿಸಿದೆ.

"ಈಗ ಎಲ್ಲ ಶುದ್ಧ. ಇನ್ನು ಒಂದು ಮಾತು ಆಡಿದರೆ ನಾನು ಪುನಃ ಬೊಂಬಾಯಿಗೆ ಹೋಗ್ತೇನೆ" ಎಂದೆ. ಆಚಾರ್ರು ಬಾಯಿ ಮುಚ್ಚಿ ಕೆಲಸ ಶುರು ಮಾಡಿದರು. ನಾನು ಹೊರಗೆ ಬಂದು ನೀರು ಕುಡಿದೆ.

ಅಷ್ಟರಲ್ಲಿ ಗುತ್ತಿನ ಯಜಮಾನರು ಕತ್ತಿ ಆಯಿತಾ ಎಂದು ನೋಡಲು ಬಂದು, ಬರಿಗಾಲಲ್ಲಿ ಸೀದಾ ಒಳಗೆ ಹೋದರು. ಒಳಗೆ ಅರೆಗತ್ತಲೆ. ಮೆಷಿನು ಮೊರೆಯುತ್ತಿದೆ, ಕಿಡಿ ಹಾರುತ್ತಿದೆ. ನಡುವೆ ಹಾಳೆಯ ಎದೆ, ಹಾಳೆಯ ಕಿರೀಟ, ಹೊಳೆಯುವ ಎರಡು ದೊಡ್ಡ ಕಣ್ಣು. ಆ ಆಕೃತಿ ದೈವದ ಕತ್ತಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದೆ. ಯಜಮಾನರು ಶಾಲನ್ನು ಸೊಂಟಕ್ಕೆ ಕಟ್ಟಿ, ಕೈಮುಗಿದು, "ಏನು ಅಪ್ಪಣೆ?" ಎಂದರು.

ಆಚಾರ್ರಿಗೆ ಮೆಷಿನಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಯಾರೋ ಕಿಡಿಯ ದಾರಿಯಲ್ಲಿ ನಿಂತದ್ದು ಮಾತ್ರ ಕಂಡಿತು. ಕತ್ತಿಯನ್ನು ಬಾಗಿಲ ಕಡೆಗೆ ಚಾಚಿ ಆರ್ಭಟಿಸಿದರು: "ಹಿಂದೆ ಸರಿ! ಕಣ್ಣು ಹೋದೀತು!"

ಯಜಮಾನರು ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಹೊರಗೆ ಬಂದರು. ಮೈಯೆಲ್ಲ ಬೆವರು.

"ದೈವ ಬಂದಿದೆ. ಕಣ್ಣು ಹೋಗ್ತದೆ ಅಂತ ನುಡಿ ಆಯಿತು."

"ದೈವ ಅಲ್ಲ, ಅದು ನಮ್ಮ ಆಚಾರ್ರು" ಎಂದೆ.

"ನಿಮಗೆ ಅದೆಲ್ಲ ಗೊತ್ತಾಗುವುದಿಲ್ಲ. ಪರಿಹಾರ ಎಂಥದ್ದು, ಅದನ್ನು ಹೇಳಿ."

ವಾದ ಮಾಡುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಮೆಷಿನಿನ ಹತ್ತಿರ ಹೋಗುವಾಗ ಹಾಕಲೆಂದು ನನ್ನ ಕೊರಳಲ್ಲಿ ಅಂಥದ್ದೇ ಇನ್ನೊಂದು ಕನ್ನಡಕ ನೇತಾಡುತ್ತಿತ್ತು, ಅದನ್ನು ಬಿಚ್ಚಿ ಅವರ ಕೈಗೆ ಕೊಟ್ಟೆ. ವರ್ಷಗಟ್ಟಲೆ ಬಡಕೊಂಡರೂ ನನ್ನ ಕೆಲಸದವರು ಕೇಳಲಿಲ್ಲ. ಈ ಮನುಷ್ಯರು ತಕರಾರಿಲ್ಲದೆ ಕಣ್ಣಿಗೆ ಒತ್ತಿಕೊಂಡು, ಹಾಕಿಕೊಂಡು, ಬಾಗಿಲ ಬೆಂಚಿನ ಮೇಲೆ ನೆಟ್ಟಗೆ ಕೂತರು.

ಆಚಾರ್ರ ಹೆಂಡತಿ ಊಟದ ಬುತ್ತಿ ಹಿಡಿದುಕೊಂಡು ಬಂದರು. ಮೊದಲು ಒಳಗೆ ಇಣುಕಿ, ಗಂಡನ ಕಣ್ಣಿನ ಮೇಲೆ ಕನ್ನಡಕ ಇರುವುದನ್ನು ನೋಡಿ, "ಅಂತೂ!" ಎಂದು ಉಸಿರು ಬಿಟ್ಟರು. ತಿರುಗುವಾಗ ಬೆಂಚಿನಲ್ಲಿ ಜರಿ ಶಾಲು ಸೊಂಟಕ್ಕೆ ಕಟ್ಟಿ ಕೂತ ಗುರುತಿಲ್ಲದ ಹಿರಿಯರು ಕಂಡರು. ಅವರ ಮುಖದ ಕನ್ನಡಕವನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಪಾಪ, ಇವರದ್ದೂ ಒಂದೇ ಉಳಿದದ್ದಾ?"