ಅಳತೆಗೆ ಎರಡು ಕಂಪನಿಗಳ ಕಾವಲು

ಎರಡು ಸಾವಿರದ ಎಂಟರಲ್ಲಿ ಒಂದು ದಿನ ಬೆಳಿಗ್ಗೆ ಗಜೇಂದ್ರಗಡದ ಟೇಲರ್ ಮೋದಿನಸಾಬ ಕಂಪ್ಯೂಟರ್ ಚಾಲೂ ಮಾಡಿದಾಗ ಪರದೆಯ ಮೇಲೆ ಇಂಗ್ಲಿಷಿನ ಸೂಚನೆಯೊಂದು ಬಂದು ಕೂತಿತ್ತು. ಏನು ಒತ್ತಿದರೂ ಏಳಲೊಲ್ಲದು. ಮಗಳ ಮದುವೆಯ ಕುಬಸಗಳ ಆರ್ಡರ್ ಕೊಡಲು ಬಂದಿದ್ದ ರಮಾಬಾಯಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಓದಿ ಹೇಳಿರೆಂದು ಅವರನ್ನೇ ಕೇಳಿದ. ಕೇಳದಿದ್ದರೆ ಬಚಾವಾಗುತ್ತಿದ್ದ.

"ನಿನ್ನ ಗುಟ್ಟು ಕಾಯೂ ಸಾಫ್ಟ್‌ವೇರ್ ಕಂಪನಿ ಅಂಥಾದ್ದ ಇನ್ನೊಂದು ಕಂಪನಿ ಜೋಡಿ ಕೂಡೇತಂತ. ಇನ್ನ ಮ್ಯಾಲೆ ಎರಡೂ ಸೇರಿ ಕಾಯ್ತಾವಂತ. ಏನಪಾ ಅದು ಗುಟ್ಟು?"

"ನಿಮ್ಮೆಲ್ಲಾರ ಅಳತಿರಿ ಬಾಯೇರ."

ಮೊದಲು ಊರಿನ ಹೆಂಗಸರೆಲ್ಲ ರೋಣದ ಶಿವನಪ್ಪನ ಹತ್ತಿರ ಹೊಲಿಸುತ್ತಿದ್ದರು. ಆತ ಅಳತೆಗಳನ್ನು ಹೆಸರು ಸಮೇತ ಅಂಗಡಿಯ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುವವನು. ಹೋದವರು ಬಂದವರೆಲ್ಲ ಓದುವವರೇ. ಬೇಸತ್ತ ಹೆಂಗಸರನ್ನು ಕಂಡು ಮೋದಿನಸಾಬ ಒಂದು ಹಳೆಯ ಕಂಪ್ಯೂಟರ್ ತಂದು, ಗುಟ್ಟು ಕಾಯುವ ಸಾಫ್ಟ್‌ವೇರ್ ಹಾಕಿಸಿ, 'ಇಲ್ಲಿ ಅಳತೆ ಗುಪ್ತವಾಗಿ ಇಡಲಾಗುವುದು' ಎಂದು ಬೋರ್ಡು ಬರೆಸಿದ. ಅವನ ಹೊಟ್ಟೆ ನಡೆಯುತ್ತಿದ್ದದ್ದೇ ಆ ಬೋರ್ಡಿನಿಂದ.

ಪಕ್ಕದ ಬಳೆ ಅಂಗಡಿಯ ಕಲ್ಲವ್ವ ಎಲ್ಲವನ್ನೂ ಕೇಳಿಸಿಕೊಂಡು ಎದ್ದು ಬಂದಳು. "ನಿನ್ನಿ ಒಬ್ಬನ ಕಡೆ ಇದ್ದದ್ದು ಇವತ್ತ ಇಬ್ಬರ ಕಡೆ ಆತು. ನಾಳೆ ಮೂರನೇದಾಂವ ಕೂಡಿದರ?"

"ಅವರ ಕಡೆ ಏನೂ ಇಲ್ಲ ಅಕ್ಕಾರ. ಅವರು ಕೀಲಿ ಅಷ್ಟ ಕೊಟ್ಟಾರ. ಅಳತಿ ಈ ಡಬ್ಬ್ಯಾಗ ಐತಿ."

"ಕೀಲಿ ಮಾಡಿದವನ ಕಡೆ ಇನ್ನೊಂದ ಕೀಲಿಕೈ ಇರೂದಿಲ್ಲೇನ?"

ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಹೆಂಗಸರು ಕಿಕ್ಕಿರಿದಿದ್ದರು. ಕಂಪನಿಯವರು ಕೂತು ಇಡೀ ಊರಿನ ಸೊಂಟ ಓದುತ್ತಾರಂತೆ ಎಂದು ಒಬ್ಬಳು. ಗುಂಪಿನಲ್ಲಿದ್ದ ಸಾಬೀರಾಳದು ಬೇರೆಯೇ ಸಂಕಟ. "ಹೋದ ವರ್ಷ ನಾ ದಪ್ಪಿದ್ದೆ. ಹೊರದೇಶಕ್ಕ ಹೋಗೂದಾದರ ಈಗಿನ ಅಳತಿ ಹೋಗಲಿ."

ರಮಾಬಾಯಿ ತೀರ್ಪು ಕೊಟ್ಟರು. "ಎಲ್ಲಾ ಅಳಿಸಿಬಿಡು. ಇಲ್ಲಂದರ ಮದುವಿ ಕುಬಸ ರೋಣಕ್ಕ ಕಳಸ್ತೇನಿ."

ಆ ಆರ್ಡರ್ ಹೋದರೆ ಅದರ ಹಿಂದೆ ಊರೇ ರೋಣಕ್ಕೆ ಹೋಗುತ್ತದೆಂದು ಮೋದಿನಸಾಬನಿಗೆ ಗೊತ್ತಿತ್ತು. ಒಪ್ಪಿದ. ಆದರೆ ಒಬ್ಬೊಬ್ಬಳೇ ಹತ್ತಿರ ಬಂದು ದನಿ ಇಳಿಸಿದಳು. "ನಂದು ಅಳಸಪಾ. ಅದಕ್ಕೂ ಮೊದಲ ಕಲ್ಲವ್ವಂದು ಎಷ್ಟೈತಿ ಹೇಳು." ಕಲ್ಲವ್ವ ಸಾಬೀರಾಳದು ಕೇಳಿದಳು. ಬುತ್ತಿ ತಂದ ಹೆಂಡತಿ ಬಿಸ್ಮಿಲ್ಲಾ ರಮಾಬಾಯಿಯದು ಕೇಳಿದಳು.

"ನಿನಗೂ ಹೇಳೂದಿಲ್ಲ," ಎಂದ. ಬಿಸ್ಮಿಲ್ಲಾ ಬುತ್ತಿಯ ಡಬ್ಬಿಯನ್ನು ಟೇಬಲ್ಲಿನ ಮೇಲೆ ಕುಕ್ಕಿ ಹೋದಳು.

ರಮಾಬಾಯಿ ತೋರಿಸಿದ ಕಡೆ ಒತ್ತಿ ಸೂಚನೆಯನ್ನು ಏಳಿಸಿ, ಎಲ್ಲರೆದುರಿಗೇ ಎಲ್ಲವನ್ನೂ ಅಳಿಸಿದ. ರಮಾಬಾಯಿಗೆ ಸಮಾಧಾನವಾಯಿತು. "ಶಾಣ್ಯಾ ಅದಿ. ಕುಬಸ ನೀನ ಹೊಲಿ. ನಮ್ಮ ಅಕ್ಕತಂಗೇರು ಸೊಲ್ಲಾಪುರದಿಂದ ಮದುವಿ ಹಿಂದಿನ ದಿನಾನ ಬರತಾರ. ಹೋದ ವರ್ಷದ ಅಳತಿ ಮ್ಯಾಲೆ ಹೊಲದಬಿಡು."

ಮೋದಿನಸಾಬ ಖಾಲಿ ಪರದೆಯನ್ನು ನೋಡಿದ. "ಈಗರ ಅಳಿಸಿದ್ನೆಲ್ರಿ ಬಾಯೇರ."

"ನಮ್ಮ ಮನ್ಯಾರದೂ ಅಳಿಸಿದೇನು?"

"ಎಲ್ಲಾ ಅಂದ್ರೆಲ್ಲರಿ."

"ಎಲ್ಲಾ ಅಂದರ ಉಳಿದವರದು." ರಮಾಬಾಯಿ ಎದ್ದರು. "ಇರಲಿ ಬಿಡು. ಶಿವನಪ್ಪ ಗೋಡಿಗೆ ಇನ್ನೂ ಸುಣ್ಣಾ ಹಚ್ಚಿಲ್ಲ. ನಮ್ಮ ಮನ್ಯಾರದೆಲ್ಲಾ ಅಲ್ಲಿ ಐತಿ. ಒಂದ ಗೋಡಿ ಇನ್ನೊಂದ ಗೋಡಿ ಜೋಡಿ ಕೂಡೂದಿಲ್ಲ."

"ಎಲ್ಲಾರೂ ಓದತಾರಂತನ ಬಿಟ್ಟು ಬಂದಿದ್ರೆಲ್ಲರಿ."

"ಓದಲಿ. ಯಾರು ಓದತಾರಂತ ಕಣ್ಣಿಗರ ಕಾಣಸ್ತೈತಿ."

ಕಲ್ಲವ್ವ ನಿಧಾನವಾಗಿ ಕೇಳಿದಳು. "ಊರಾಗಿನವರದೆಲ್ಲಾ ಇನ್ನೂ ಐತೇನ್ರಿ ಆ ಗೋಡಿ ಮ್ಯಾಲೆ?"

"ಎಲ್ಲಾರದೂ ಐತಿ."

ಸಂಜೆ ಮೋದಿನಸಾಬ ಬೋರ್ಡು ಇಳಿಸಲು ಸ್ಟೂಲ್ ಹತ್ತಿದ್ದಾಗ ರೋಣದ ಬಸ್ಸು ಎದುರಿಗೆ ಹಾದುಹೋಯಿತು. ರಮಾಬಾಯಿ ಒಬ್ಬರೇ ಹೋಗಬೇಕಿದ್ದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಳೆ ಅಂಗಡಿ ಮುಚ್ಚಿ ಬಂದ ಕಲ್ಲವ್ವ ಮುಂದಿನ ಸೀಟು ಹಿಡಿದಿದ್ದಳು, ಪಕ್ಕದಲ್ಲೇ ಸಾಬೀರಾ. ಕೊನೆಯ ಕಿಟಕಿಯಿಂದ ಬಿಸ್ಮಿಲ್ಲಾ ತಲೆ ಹೊರಗೆ ಹಾಕಿದಳು.

"ಡಬ್ಬಿ ತೊಳದಿಡ್ರಿ," ಎಂದಳು. "ಶಿವನಪ್ಪನ ಅಂಗಡಿ ತನಕಾ ಹೋಗಿ ಬರತೇನಿ."